ಕೊಳದ ಕಟ್ಟೆಯ ಕೆನೆ

ಟಕ್, ಟಕ್, ಟಕ್ — ಇಲ್ಲಿಯವರೆಗೆ ಗಟ್ಟಿ, ಇನ್ನೊಂದು ಗೇಣು ಆಚೆ, ಟೊಪ್ — ಟೊಳ್ಳು, ಸುತ್ತಿಗೆಯ ಹಿಡಿಯಿಂದ ಮತ್ತೆ ಬಡಿಯುತ್ತೇನೆ, ಕಿವಿಯ ತಪ್ಪಿರಬಹುದು, ಎಡಗಿವಿ ಹೋಗಿ ಏಳು ವರ್ಷವಾಯಿತು, ಮಂಡಿಯೂರಿ ಬಲಗಿವಿಯನ್ನು ನೆಲಕ್ಕೆ ತಂದು ಬಡಿಯುತ್ತೇನೆ, ಟೊಪ್, ಕಿವಿಯ ತಪ್ಪಲ್ಲ, ಹಣ್ಣಾದ ಕಲ್ಲಂಗಡಿಯ ಸದ್ದು ಅದು, ಕಾಂಕ್ರೀಟಿನಿಂದ ಆ ಸದ್ದು ಬರಬಾರದು, ಉಗುರು ತೂರಿಸಿದೆ, ಎದ್ದು ಬಂತು, ಅಂಗೈಯಗಲದ ಚಕ್ಕೆ, ಮೀನಿನ ಹುರುಪೆಯಷ್ಟು ತೆಳು, ಮೇಲ್ಮೈ ಕನ್ನಡಿ, ಅಡಿಯಲ್ಲಿ ಹಸಿ ಮರಳು, ಅಂಚಿಗೆ ಹೆಬ್ಬೆರಳು ತಗುಲಿದ್ದೇ ತಡ ರಕ್ತ, ನಲವತ್ನಾಲ್ಕು ವರ್ಷ ಗಾರೆ ತಿಂದು ದಡ್ಡುಗಟ್ಟಿದ ಹೆಬ್ಬೆರಳನ್ನೇ ಕುಯ್ದ ಅಂಚು ಇದು, ಇನ್ನು ನನ್ನ ಹೆಂಡತಿ ಒದೀಲಿಯಾಳ ಅಂಗಾಲು — ಬೇಡ, ಅದನ್ನು ಈಗ ಯೋಚಿಸಬೇಡ ಎವಾರಿಸ್ತು, ಮೊದಲು ಎಷ್ಟು ಜಾಗ ಎದ್ದಿದೆ ನೋಡು, ಕೊಳದ ಈ ಬದಿ ಪೂರ್ತಿ, ಮೆಟ್ಟಿಲ ಬಳಿ, ಬೇಲಿಯ ಕಡೆ ಹಿಮ ಕರಗಿದ್ದು ನಿನ್ನೆಯಷ್ಟೇ, ಅಲ್ಲಿಯೂ ನೀರಿನಡಿ ಬಿಳಿಬಿಳಿ ಕಾಣುತ್ತಿದೆ, ವಿನಿಪೆಗ್ಗಿನ ಚಳಿಗಾಲ ಆರು ತಿಂಗಳು ಇದರ ಮೇಲೆ ಮಲಗಿತ್ತು, ಎದ್ದು ಹೋಗುವಾಗ ಚರ್ಮವನ್ನೂ ಸುಲಿದುಕೊಂಡು ಹೋಗಿದೆ, ಅವಳಿನ್ನೂ ಸ್ನಾನದ ಮನೆಯಲ್ಲಿರಬೇಕು, ನಿನ್ನೆ ರಾತ್ರಿ ಊಟದ ಹೊತ್ತಿಗೇ ಅಂದಿದ್ದಳಲ್ಲ, ಹಿಮ ಹೋಯ್ತಲ್ಲ ಮನುಷ್ಯಾ, ನಾಳೆಯಿಂದ ನನ್ನ ಸುತ್ತು ಶುರು, ತಡಿ ನೋಡೋಣ ಅಂದೆ, ಏನು ನೋಡೋದು, ನೀನೇ ಹಾಕಿದ ನೆಲ, ನೀನೇ ನೋಡಬೇಕಾ ಅಂದಳು.

ಅವಳು ಸ್ನಾನ ಮಾಡಿ ಬಂದ ಮೇಲೆ ಸ್ನಾನದ ಮನೆಯ ನೆಲ ನೋಡುವುದು ದಿನಾ ಬೆಳಗಿನ ನನ್ನ ಕೆಲಸ, ಒದ್ದೆ ಹೆಜ್ಜೆಗಳು ಬಾಗಿಲವರೆಗೆ ಬಂದಿರುತ್ತವೆ, ಎಡಗಾಲಿನದು ಐದು ಬೆರಳು, ಬಲಗಾಲಿನದು ನಾಲ್ಕು, ಕಿರುಬೆರಳಿನ ಜಾಗ ಖಾಲಿ, ಆ ನಾಲ್ಕು ಬೆರಳಿನ ಹೆಜ್ಜೆಯನ್ನು ಬಗ್ಗಿ ನೋಡುತ್ತೇನೆ, ನೀರು ನೀರಾಗಿಯೇ ಇದೆಯಾ, ಎಲ್ಲಾದರೂ ಕೆಂಪು ಸೇರಿದೆಯಾ, ಯಾಕೆಂದರೆ ಅವಳನ್ನು ಕೇಳಿ ಪ್ರಯೋಜನವಿಲ್ಲ, ಸಕ್ಕರೆ ಕಾಯಿಲೆ ಅವಳ ಪಾದಗಳನ್ನು ತಿಂದು ಒಂಬತ್ತು ವರ್ಷ, ಬಿಸಿ ಗೊತ್ತಿಲ್ಲ, ತಣ್ಣಗೆ ಗೊತ್ತಿಲ್ಲ, ಮುಳ್ಳು ಗೊತ್ತಿಲ್ಲ, ಕಣ್ಣಿಗೂ ಮಂಜು, ಹೋದ ಬೇಸಿಗೆಯವರೆಗೆ ಕೊಳದ ಸುತ್ತ ಹಲಗೆ ಇತ್ತು, ಮನೆ ಕೊಂಡಾಗಲೇ ಇದ್ದ ಹಲಗೆ, ನೀರಲ್ಲಿ ನಡೆದರೆ ಕಾಲಿಗೆ ಒಳ್ಳೇದು ಅಂತ ಡಾಕ್ಟರೇ ಹೇಳಿದ್ದರು, ನಡೆದಳು, ಸೀಳು ಹೋದ ಹಲಗೆಯಿಂದ ಬೆಂಕಿಕಡ್ಡಿಯುದ್ದದ ಚೂರು ಹೊಕ್ಕಿತು, ಅದನ್ನು ಇಟ್ಟುಕೊಂಡೇ ಐದು ದಿನ ಅಡಿಗೆ ಮಾಡಿದಳು, ಚರ್ಚಿನ ಪೂಜೆಗೆ ಹೋದಳು, ಬ್ರೆಡ್ಡಿನ ಹಿಟ್ಟು ನಾದಿದಳು, ವಾಸನೆ ಬಂದಾಗ ನಾನು ಫ್ರಿಜ್ಜಿನಲ್ಲಿ ಮೀನು ಕೆಟ್ಟಿದೆ ಅಂದುಕೊಂಡೆ, ದೇವರೇ, ಫ್ರಿಜ್ಜೆಲ್ಲ ತೊಳೆದೆ, ಆಸ್ಪತ್ರೆಯಲ್ಲಿ ಬೆರಳು ತೆಗೆದರು, ಮೇಲಕ್ಕೆ ಹಬ್ಬಿದ್ದರೆ ಪಾದ, ಇನ್ನೂ ಹಬ್ಬಿದ್ದರೆ ಮೊಣಕಾಲು ಅಂದರು, ಆಗ ಅವಳು ಮಂಚದ ಮೇಲೆ ಹರಕೆ ಹೊತ್ತಳು, ಬೆರಳಿಗೇ ನಿಲ್ಲಿಸಪ್ಪಾ ಸಾಂತು ಕ್ರಿಸ್ತು, ನಿನ್ನ ಸುತ್ತ ಮೂವತ್ತಮೂರು ಸುತ್ತು ಬರಿಗಾಲಲ್ಲಿ ಬರ್ತೀನಿ, ನಿಂತಿತು, ನಾವು ಬಿಟ್ಟುಬಂದ ಸಮುದ್ರದಾಚೆಯ ದ್ವೀಪದಲ್ಲಾದರೆ ಸಾಂತು ಕ್ರಿಸ್ತುವಿನ ದೇವಾಲಯದ ಮುಂದಿನ ಚೌಕವನ್ನು ಸುತ್ತುತ್ತಾರೆ, ಅವಳ ತಾಯಿ ಮಂಡಿಯಲ್ಲೇ ಸುತ್ತಿದವಳು, ಅಷ್ಟು ದೂರ ವಿಮಾನದಲ್ಲಿ ಹೋಗಲು ಡಾಕ್ಟರು ಬಿಡಲಿಲ್ಲ, ಸರಿ, ಪಾದ್ರಿಯನ್ನೇ ಕೇಳಿ ಬಂದಳು, ದೇವರಿಗೆ ಚೌಕವೂ ಒಂದೇ ಕೊಳವೂ ಒಂದೇ ಅಂದ್ರು ಅಂದಳು, ಚಪ್ಪಲಿ ಹಾಕ್ಕೊಂಡು ಸುತ್ತಿದ್ರೂ ಒಂದೇನಾ ಅಂತ ಕೇಳಬೇಕಿತ್ತು ಅಂದೆ, ಏ ಮನುಷ್ಯಾ, ದೇವರ ಹತ್ರ ಚೌಕಾಸಿ ಮಾಡ್ತೀಯಾ, ಡಾಕ್ಟರು ಬೆರಳು ತೆಗೆದ, ಕಾಲು ಉಳಿಸಿದ್ದು ಯಾರು, ಹಲಗೆಗಳನ್ನೆಲ್ಲ ಕಿತ್ತು ಬೆಂಕಿಗೆ ಹಾಕಿ ಹೇಳಿದೆ, ನಿನಗೆ ನಾನೊಂದು ನೆಲ ಹಾಕಿಕೊಡ್ತೀನಿ, ಒಂದು ಮರಳಿನ ಕಾಳೂ ಚುಚ್ಚಬಾರದು, ಕೆನ್ನೆ ಇಟ್ಟು ಮಲಗಬಹುದು, ಹಂಗೆ.

ಹಾಗೆ ಹೇಳಿದ್ದೇ ಮೊದಲ ತಪ್ಪು, ಉಳಿದದ್ದೆಲ್ಲ ಸರಿಯಾಗಿಯೇ ಮಾಡಿದೆ, ಜೇಡಿಮಣ್ಣನ್ನು ಮೊಣಕಾಲುದ್ದ ತೆಗೆಸಿದೆ, ಜಲ್ಲಿ ತುಂಬಿ ಕುಟ್ಟಿಸಿದೆ, ಕಂಬಿ ಕಟ್ಟಿದೆ, ಕೊಳದ ಅಂಚಿಗೂ ನೆಲಕ್ಕೂ ನಡುವೆ ಸಂದು ಬಿಟ್ಟೆ, ಚಳಿಗೆ ನೆಲ ಎದ್ದರೂ ಕೊಳವನ್ನು ತಳ್ಳಬಾರದು, ನೀರು ಬೇಲಿಯ ಕಡೆ ಹರಿಯುವಂತೆ ವಾಟ ಕೊಟ್ಟೆ, ಬೇರೆಯವರ ಕೊಳಕ್ಕೆ ಹೇಗೋ ಹಾಗೆ, ಆದರೆ ಬೇರೆಯವರ ಕೊಳಕ್ಕಾದರೆ ಕೊನೆಯಲ್ಲಿ ಪೊರಕೆ ಎಳೆಯುತ್ತಿದ್ದೆ, ಹಸಿ ಕಾಂಕ್ರೀಟಿನ ಮೇಲೆ ಒಂದೇ ದಿಕ್ಕಿನಲ್ಲಿ, ಗೀರುಗೀರಾಗಿ, ಒರಟಾಗಿ, ಮುಗಿಯಿತು, ಅವರ ಮಕ್ಕಳು ಅದರ ಮೇಲೆ ಓಡುತ್ತಾರೆ, ಹತ್ತಿಪ್ಪತ್ತು ಚಳಿಗಾಲ ದಾಟಿವೆ, ಒಂದೂ ಎದ್ದಿಲ್ಲ, ಹೋದ ಅಕ್ಟೋಬರಿನ ಎರಡನೆಯ ಶನಿವಾರ, ಲಾರಿ ಬಂದಾಗ ಹುಲ್ಲಿನ ಮೇಲೆ ಇನ್ನೂ ಬಿಳಿ ಇಬ್ಬನಿ, ಝೆಫೆರೀನು ತನ್ನ ಇಬ್ಬರು ಆಳುಗಳೊಂದಿಗೆ ಬಂದಿದ್ದ, ಒದೀಲಿಯಾಳ ಅಣ್ಣನ ಮಗ, ನನ್ನ ಕೈಯಲ್ಲೇ ಕೆಲಸ ಕಲಿತು ಈಗ ನನ್ನ ಲಾರಿ, ನನ್ನ ಸಲಕರಣೆ, ನನ್ನ ಗಿರಾಕಿಗಳನ್ನೆಲ್ಲ ನಡೆಸುವವನು, ಸುರಿದದ್ದು ಗಾಳಿಗುಳ್ಳೆ ತುಂಬಿದ ಮಿಶ್ರಣ, ಈ ಊರಿಗೆ ಅದೇ ಬೇಕು, ನೀರು ಹೆಪ್ಪುಗಟ್ಟಿದರೆ ಉಬ್ಬುತ್ತದೆ, ಉಬ್ಬಿದಾಗ ಹೋಗಿ ಕೂರಲು ಅದಕ್ಕೆ ಸಣ್ಣಸಣ್ಣ ಕೋಣೆಗಳು ಬೇಕು, ಗುಳ್ಳೆಗಳೇ ಆ ಕೋಣೆ, ಮಟ್ಟಗೋಲು ಎಳೆದರು, ಮರದ ಹಲಗೆಯಲ್ಲಿ ತೀಡಿದರು, ಝೆಫೆರೀನು ಪೊರಕೆ ತೆಗೆದುಕೊಂಡ, ಅದನ್ನಿಡು ಅಂದೆ, ಉಕ್ಕಿನ ಕರಣೆ ತೆಗೆದೆ, ಏನ್ಮಾಡ್ತಿದ್ದೀರಿ ಮಾವ, ಕೊಳದ ಕಟ್ಟೆಗೆ ಉಕ್ಕು ಹಾಕ್ತೀರಾ, ಅಡಿಯ ನೀರು ಇನ್ನೂ ಮೇಲೆ ಬಂದಿಲ್ಲ, ಈಗಲೇ ಮುಖ ಮುಚ್ಚಿದ್ರೆ ನೀರೆಲ್ಲ ಒಳಗೇ ಕೂತ್ಕೊಳ್ಳತ್ತೆ, ಗುಳ್ಳೆಯೂ ಸಾಯತ್ತೆ, ನಿನ್ನ ಬಾಯಿ ಮುಚ್ಚು ಮೊದಲು ಅಂದೆ, ನೀನು ಚಡ್ಡಿಯಲ್ಲಿ ಉಚ್ಚೆ ಹೊಯ್ಕೋತಿದ್ದಾಗ ನಾನು ಕರಣೆ ಹಿಡಿದಿದ್ದೆ, ಅದಕ್ಕೇ ಹೇಳ್ತಿರೋದು ಮಾವ, ಇದನ್ನ ನನಗೆ ಕಲಿಸಿದ್ದು ನೀವೇ, ಆಳುಗಳು ನಕ್ಕರು, ನನಗೂ ನಗು ಬಂತು, ಆದರೂ ಮಂಡಿ ಹಲಗೆಯ ಮೇಲೆ ಕೂತು ಕರಣೆ ಆಡಿಸಿದೆ, ಒಂದು ಸಲ, ಎರಡು ಸಲ, ಮೇಲೆ ಒಣಗುತ್ತಾ ಬಂದಾಗ ಬಕೆಟ್ಟಿನಲ್ಲಿ ಕುಂಚ ಅದ್ದಿ ನೀರು ಚಿಮುಕಿಸಿದೆ, ಪಾದ್ರಿ ತೀರ್ಥ ಚಿಮುಕಿಸುವ ಹಾಗೆ, ಆ ಹಾಳು ಅಭ್ಯಾಸ ದ್ವೀಪದಿಂದಲೇ ತಂದದ್ದು, ಅಲ್ಲಿ ಮಂಜುಗಡ್ಡೆಯೇ ಕಟ್ಟುವುದಿಲ್ಲ, ಅಲ್ಲಿ ಅಪ್ಪ ಹಾಕಿದ ನೆಲ ಇವತ್ತಿಗೂ ಹೊಳೆಯುತ್ತದೆ, ನೀರು ಚಿಮುಕಿಸಿದಂತೆ ಕೆನೆ ಎದ್ದು ಬಂತು, ಸಿಮೆಂಟಿನ ಕೆನೆ, ಕಾಯಿಸಿದ ಹಾಲಿನ ಕೆನೆಯ ಹಾಗೆ ನುಣ್ಣಗೆ, ಅವಳು ಕಾಫಿ, ಸಿಹಿ ಬ್ರೆಡ್ಡು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು, ನನ್ನ ಮುಖ ಕಾಣಿಸ್ತಿದೆ ಕಣೋ ಅಂದಳು, ಅಷ್ಟು ಸಾಕಿತ್ತು, ಅವಳ ಮುಖ ಇನ್ನೂ ಚೆನ್ನಾಗಿ ಕಾಣಲಿ ಎಂದು ಮೂರನೆಯ ಸಲ, ನಾಲ್ಕನೆಯ ಸಲ, ಝೆಫೆರೀನು ಪೊರಕೆಯನ್ನು ಲಾರಿಗೆ ಎಸೆದು ಸಿಗರೇಟು ಹಚ್ಚಿದ, ಅತ್ತೆ, ಮಾವ ನಿಮಗೆ ಕೊಳ ಕಟ್ತಿಲ್ಲ, ದೇವಸ್ಥಾನ ಕಟ್ತಿದ್ದಾರೆ ಅಂದ, ಅವಳು ಅವನ ಕಿವಿ ಹಿಂಡಿ ಬ್ರೆಡ್ಡಿನ ದೊಡ್ಡ ತುಂಡು ಬಾಯಿಗೆ ತುರುಕಿದಳು.

ಹತ್ತನೆಯ ದಿನ, ಹೊದಿಸಿದ್ದ ಕಂಬಳಿ, ಹುಲ್ಲು ಎಲ್ಲ ತೆಗೆದೆ, ಅವಳು ಚಪ್ಪಲಿ ಬಿಟ್ಟಳು, ಕೊಳವೆಯ ನೀರಲ್ಲಿ ಕಾಲು ತೊಳೆದು ಈ ತುದಿಯಿಂದ ಆ ತುದಿಗೆ ಹೋದಳು, ಹಿಂದೆ ಬೂದು ನೆಲದ ಮೇಲೆ ಐದು, ನಾಲ್ಕು, ಐದು, ನಾಲ್ಕು, ಒಂದೂ ಕೆಂಪಿಲ್ಲ, ಗಾಳಿಗೆ ಒಂದೊಂದೇ ಆರಿಹೋದವು, ಸುತ್ತು ಈಗಲೇ ಮುಗಿಸಿಬಿಡು ಅಂದಿದ್ದರೆ — ಆ ದಿನ ಅನ್ನಲಿಲ್ಲ, ಕಾಂಕ್ರೀಟು ಇನ್ನೂ ಎಳೇದು, ಒಂದು ತಿಂಗಳು ಹೋಗಲಿ ಅಂದೆ, ಬುದ್ಧಿವಂತ, ಆ ವಾರವೇ ಹಿಮ ಬಿತ್ತು, ಚಳಿಗಾಲವಿಡೀ ಅಡಿಗೆಮನೆಯ ಕಿಟಕಿಯಿಂದ ಆ ಬಿಳಿಯನ್ನು ನೋಡುತ್ತಾ ಜಪಸರದ ಮಣಿ ಎಣಿಸಿದಳು, ಒಳಗೆ ಸಿಕ್ಕಿಬಿದ್ದ ನೀರು ಅಷ್ಟೂ ದಿನ ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ ನನ್ನ ಕೆನೆಯನ್ನು ಅಡಿಯಿಂದ ಎತ್ತುತ್ತಿತ್ತು, ನನಗೆ ಗೊತ್ತಿತ್ತಾ, ಗೊತ್ತಿತ್ತು, ಜನವರಿಯಲ್ಲಿ ಒಂದು ಮೂಲೆಯ ಹಿಮ ಸರಿಸಿ ನೋಡಿದೆ, ಬೆರಳಗಲದ ಬಿಳಿ ಕಲೆ, ಮತ್ತೆ ಹಿಮ ಮುಚ್ಚಿ ಒಳಗೆ ಬಂದು ಸಾರು ಕುಡಿದೆ, ಏನು ನೋಡ್ತಿದ್ದೆ ಅಂದಳು, ಬೆಕ್ಕು ಅಂದೆ, ಈಗ ಏನು ಮಾಡಲಿ, ತೇಪೆ ಹಾಕಿದರೆ ಬರುವ ಚಳಿಗಾಲಕ್ಕೆ ತೇಪೆಯೂ ಏಳುತ್ತದೆ, ಬಣ್ಣ ಬಳಿದರೆ ಬಣ್ಣದ ಸಮೇತ ಏಳುತ್ತದೆ, ರತ್ನಗಂಬಳಿ ಹಾಸಿದರೆ ಚಕ್ಕೆ ಅದನ್ನೂ ತೂರಿ ಬರುತ್ತದೆ, ಒಡೆದು ತೆಗೆಯಬೇಕು, ಮಣ್ಣಿನೊಳಗಿನ ಮಂಜು ಬಿಡಲು ಜೂನ್ ಆಗಬೇಕು, ನನ್ನ ಭುಜಕ್ಕೆ ಒಡೆಯುವ ಯಂತ್ರ ಇನ್ನು ಹಿಡಿಸುವುದಿಲ್ಲ, ಝೆಫೆರೀನುವಿಗೆ ಬೇಸಿಗೆಯ ಒಂದು ದಿನವೂ ಬಿಡುವಿಲ್ಲ, ಕೇಳಿದರೆ ಬರುತ್ತಾನೆ, ಒಂದು ಮಾತೂ ಆಡದೆ ಒಡೆಯುತ್ತಾನೆ, ಆಡದಿದ್ದರೇ ಕಷ್ಟ, ಅವಳು ಅಲ್ಲಿಯವರೆಗೆ ಕಾಯುತ್ತಾಳಾ, ಮೇ ತಿಂಗಳ ಸಾಂತು ಕ್ರಿಸ್ತುವಿನ ಹಬ್ಬದ ಭಾನುವಾರಕ್ಕೆ ಮುಗಿಸಬೇಕು ಅಂದಿದ್ದಾಳೆ, ಹೋದ ತಿಂಗಳು ಡಾಕ್ಟರು ಬಲಗಾಲಿನ ನಾಡಿ ಹುಡುಕಿ ಹುಡುಕಿ ಸಿಗದೆ ಯಂತ್ರ ತರಿಸಿದರು, ಅವಳನ್ನು ಹೊರಗೆ ಕೂರಿಸಿ ನನಗೆ ಹೇಳಿದರು, ಇನ್ನೊಂದು ಗಾಯ ಆದ್ರೆ ಒಣಗಲ್ಲ, ಆಗ ಬೆರಳಿಗೆ ನಿಲ್ಲಲ್ಲ, ತಿಳೀತಾ, ತಿಳೀತು ಅಂದೆ, ಅದನ್ನೂ ಅವಳಿಗೆ ಹೇಳಿಲ್ಲ, ಇವತ್ತು ಎರಡನ್ನೂ ಒಟ್ಟಿಗೆ ಹೇಳಿಬಿಡಬೇಕು, ಒದೀಲಿಯಾ, ನಾನು ಆತುರಪಟ್ಟೆ, ಇಲ್ಲ, ಒದೀಲಿಯಾ, ನೆಲ ಕೆಟ್ಟಿದೆ, ನನ್ನ ಕೈಯಿಂದಲೇ ಕೆಟ್ಟಿದೆ, ಗೊತ್ತಿದ್ದೂ ಕೆಡಿಸಿದೆ, ಎದ್ದು ಹೋಗಿ ಹೇಳು, ಬಾಗಿಲಿಗೆ ಚಿಲಕ ಹಾಕು, ಚಪ್ಪಲಿ ಬಚ್ಚಿಡುವವರ ಬಗ್ಗೆ ಕೇಳಿದ್ದೇನೆ, ನಾನು ಕಾಲುಗಳನ್ನೇ ಬಚ್ಚಿಡಬೇಕು, ಟಕ್, ಇಲ್ಲಿ ಗಟ್ಟಿ, ಟೊಪ್, ಇಲ್ಲಿ ಇಲ್ಲ, ಕೊಳದ ಆಚೆ ಬದಿಯಾದರೂ ಉಳಿದಿದ್ದರೆ ಅಷ್ಟರಲ್ಲೇ ಹೋಗಿಬರಲು ಹೇಳಬಹುದು, ದೇವರಿಗೆ ಚೌಕವೂ ಒಂದೇ ಗೆರೆಯೂ ಒಂದೇ, ಪಾದ್ರಿ ಅದಕ್ಕೂ ಒಪ್ಪಿಯಾರು —

ಏ ಮನುಷ್ಯಾ, ಮಂಡಿಯೂರಿ ನೀನೂ ಹರಕೆ ತೀರಿಸ್ತಿದ್ದೀಯಾ, ಎಡಗಡೆಯಿಂದ, ಕೇಳದ ಕಿವಿಯ ಕಡೆಯಿಂದ ಬಂದು ನನ್ನ ಮುಂದೆಯೇ ದಾಟುತ್ತಿದ್ದಾಳೆ, ಕೂದಲಿನ್ನೂ ಒದ್ದೆ, ಕೈಯಲ್ಲಿ ಜಪಸರ, ಮಂಜುಗಣ್ಣು ಆಚೆಯ ಮರದ ತುದಿಯಲ್ಲಿ, ನಿಲ್ಲು ಅನ್ನಬೇಕು, ಬಾಯಿ ತೆರೆದಿದೆ, ಸುತ್ತಿಗೆ ಕೈಯಲ್ಲಿದೆ, ಮಾತಾಡಿಸ್ಬೇಡ, ಲೆಕ್ಕ ತಪ್ಪತ್ತೆ, ಇದು ಮೂರನೇ ಸುತ್ತು ಅನ್ನುತ್ತಾಳೆ, ಮೂರನೆಯದು, ಅಂದರೆ ಎರಡು ಸುತ್ತು ನನ್ನ ಬೆನ್ನ ಹಿಂದೆಯೇ, ನಾನು ಸುತ್ತಿಗೆಯ ಸದ್ದು ಕೇಳುತ್ತಿದ್ದಾಗ, ಬೇಲಿಯ ಕಡೆಯ ಹಿಮನೀರಿನಲ್ಲಿ ಕಾಲಿಟ್ಟು ಬಂದಿದ್ದಾಳೆ, ಎಷ್ಟು ನುಣ್ಣಗೆ ಮಾಡಿದ್ದೀಯೋ, ಹೂವಿನ ಮೇಲೆ ನಡೆದ ಹಾಗಿದೆ, ತಣ್ಣಗಿರಬೇಕು ಅಲ್ವಾ, ತಣ್ಣಗಿದೆಯಾ, ನೀನೇ ಹೇಳು, ಕೇಳುತ್ತಲೇ ಮುಂದೆ ಹೋದಳು, ಹಿಂದೆ ಬೂದು ನೆಲದ ಮೇಲೆ ಐದು, ನಾಲ್ಕು, ಐದು, ನಾಲ್ಕು, ಐದರಲ್ಲಿ ನೀರು ನೀರಾಗಿಯೇ ಇದೆ, ನಾಲ್ಕರಲ್ಲಿ, ಹಿಮ್ಮಡಿಯ ಹತ್ತಿರ — ಬಗ್ಗುತ್ತೇನೆ, ದಿನಾ ಬೆಳಿಗ್ಗೆ ಬಗ್ಗುವ ಹಾಗೆ — ಈ ಹೆಜ್ಜೆಯಲ್ಲಿ ಒಂದು ಬೊಟ್ಟಿನಷ್ಟು, ಮುಂದಿನದರಲ್ಲಿ ಇನ್ನೂ ಸ್ವಲ್ಪ, ಅದರ ಮುಂದಿನದು ಇನ್ನೂ ಹಸಿ, ಗಾಳಿಗೆ ನೀರು ಆರುತ್ತಿದೆ, ಬೆರಳುಗಳು ಆರಿದವು, ಕೆಂಪು ಆರಲಿಲ್ಲ, ನಾಲ್ಕು ಬೆರಳು, ಕೆಂಪು, ನಾಲ್ಕು ಬೆರಳು, ಕೆಂಪು, ನಾಲ್ಕು ಬೆರಳು