ಚಿತ್ರಗಳಿಗೆ ಐದು ಸ್ಟಾರ್

ಭಾನುವಾರ ಬೆಳಗಿನ ತಿಂಡಿಗೆ ಮನೆಯವರೆಲ್ಲ ಒಟ್ಟಿಗೆ ಕೂರಬೇಕೆಂಬುದು ಡಾಕ್ಟರ್ ಪೃಥ್ವಿರಾಜರ ನಿಯಮ. ಖಾರಘರದ ಅವರ ಫ್ಲ್ಯಾಟಿನ ಊಟದ ಮೇಜಿನ ಸುತ್ತ ಆ ದಿನವೂ ನಾಲ್ವರು ಕೂತಿದ್ದರು. ಪೃಥ್ವಿರಾಜ್, ಹೆಂಡತಿ ರಮಿತಾ, ಎಂ.ಬಿ.ಬಿ.ಎಸ್. ಓದುತ್ತಿದ್ದ ಮಗಳು ಅನುಷ್ಕಾ, ಮತ್ತೆ ಮೇಜಿನ ತುದಿಯಲ್ಲಿ ಪೃಥ್ವಿರಾಜರ ತಮ್ಮ ಜಯಶೀಲ.

"ಪಪ್ಪಾ, ನಿಮ್ಮ ಬುಕ್ಕಿಗೆ ಹೊಸ ರಿವ್ಯೂ ಬಂದಿದೆ. ಓದಲಾ?" ಅನುಷ್ಕಾ ಮೊಬೈಲು ಎತ್ತಿಕೊಂಡಳು.

"ಓದು, ಎಂತ ಬರೆದಿದ್ದಾರೆ ನೋಡುವ."

ಪೃಥ್ವಿರಾಜ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಪ್ರೊಫೆಸರ್. ಮೊದಲ ವರ್ಷದವರಿಗಾಗಿ ಅವರು ಬರೆದ ದಪ್ಪ ಪುಸ್ತಕ ಎರಡನೇ ಆವೃತ್ತಿ ಕಂಡು ದೇಶದ ಬೇರೆ ಬೇರೆ ಕಾಲೇಜುಗಳಿಗೆ ಹೋಗಿತ್ತು.

ಅನುಷ್ಕಾ ನಗು ತಡೆದುಕೊಂಡು ಇಂಗ್ಲಿಷಿನದನ್ನು ಕನ್ನಡಕ್ಕೆ ತಿರುಗಿಸಿ ಓದಿದಳು. "'ಚಿತ್ರಗಳಿಗೆ ಐದು ಸ್ಟಾರ್, ಬರಹಕ್ಕೆ ಒಂದು. ಪುಸ್ತಕ ಕೊಳ್ಳಿ, ಆದರೆ ಓದಬೇಡಿ, ನೋಡಿ.' ಇನ್ನೊಂದು ಕೇಳಿ, 'ನಿದ್ದೆ ಬಾರದವರು ಮೂರನೇ ಅಧ್ಯಾಯ ಓದಿ. ಪಾಸಾಗಬೇಕಾದವರು ಚಿತ್ರ ನೋಡಿ. ಬರೆದವರ ವಿಷಯ ಬಿಡಿ, ಬಿಡಿಸಿದವರು ಯಾರೋ ಅವರ ಕಾಲಿಗೆ ಬೀಳುತ್ತೇನೆ.'"

ರಮಿತಾ ಚಟ್ನಿ ಬಡಿಸುವ ನೆಪದಲ್ಲಿ ಮುಖ ತಿರುಗಿಸಿದಳು. ಜಯಶೀಲ ತಟ್ಟೆ ನೋಡುತ್ತಾ ಕೂತಿದ್ದ. ಆದರೂ ತುಟಿಯ ತುದಿಯಲ್ಲಿ ಒಂದು ನಗು ಬಂದೇಬಿಟ್ಟಿತು. ತಡೆಯಲು ಅವನಿಂದಾಗಲಿಲ್ಲ. ಆ ನಗುವನ್ನು ಪೃಥ್ವಿರಾಜ್ ನೋಡಿದರು.

"ಮಕ್ಕಳಿಗೆ ಈಗ ಓದುವ ತಾಳ್ಮೆ ಇಲ್ಲ," ಎಂದಷ್ಟೇ ಹೇಳಿ ಅವರು ಇನ್ನೊಂದು ದೋಸೆ ಹಾಕಿಸಿಕೊಂಡರು.

ಆ ಚಿತ್ರಗಳೆಲ್ಲ ಜಯಶೀಲನವು. ಒಂದೊಂದು ಎಲುಬು, ಒಂದೊಂದು ನರವನ್ನೂ ಅವನು ತನ್ನ ಕೋಣೆಯ ಕಿಟಕಿಯ ಪಕ್ಕ ಕೂತು ಕಪ್ಪು ಶಾಯಿಯಲ್ಲಿ ಬಿಡಿಸಿದ್ದ. ಪುಸ್ತಕದಲ್ಲಿ ಅವನ ಹೆಸರಿರಲಿಲ್ಲ. 'ಸಹಕರಿಸಿದ ಮನೆಯವರಿಗೆ ಕೃತಜ್ಞತೆ' ಎಂಬ ಸಾಲಿನಲ್ಲಿ ಅವನೂ ಸೇರಿದ್ದಾನೆಂದು ಅಣ್ಣ ಹೇಳಿದ್ದರು. ಜಯಶೀಲ ಅದನ್ನು ಪ್ರಶ್ನಿಸಿರಲಿಲ್ಲ. ಪ್ರಶ್ನಿಸುವ ಹಕ್ಕು ತನಗಿದೆ ಎಂದು ಅವನಿಗೆ ಅನಿಸಿಯೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಕಾಪುವಿನಲ್ಲಿ ತಾಯಿ ತೀರಿಕೊಂಡ ವರ್ಷ, ಇಪ್ಪತ್ತರ ಜಯಶೀಲ ಮಾತು ಬಿಟ್ಟ, ಊಟ ಬಿಟ್ಟ. ಆಗಷ್ಟೇ ನೌಕರಿಗೆ ಸೇರಿದ್ದ ಅಣ್ಣ ರಜೆ ಹಾಕಿ ಬಂದು, ಅವನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿ, ಪಕ್ಕದಲ್ಲೇ ಕೂತು ದಿನವೂ ಚಮಚದಲ್ಲಿ ಗಂಜಿ ಕುಡಿಸಿದ್ದರು. ಗುಣವಾದ ಮೇಲೆ ಮುಂಬೈಗೆ ಕರೆದುಕೊಂಡು ಬಂದು ಕೈಗೆ ಪೆನ್ನು ಕೊಟ್ಟವರೂ ಅವರೇ. ಅಣ್ಣ ಇಲ್ಲದಿದ್ದರೆ ನಾನು ಇರುತ್ತಿರಲಿಲ್ಲ ಎಂದು ಜಯಶೀಲ ಎಷ್ಟೋ ಸಲ ಅನುಷ್ಕಾಳ ಹತ್ತಿರ ಹೇಳಿದ್ದ. ಅದು ನಿಜವೇ ಆಗಿತ್ತು.

ಆ ಬೇಸಿಗೆಯಲ್ಲಿ ಜಯಶೀಲನ ಸ್ವಂತ ಪುಸ್ತಕ ಹೊರಬಂತು. ಮಕ್ಕಳಿಗಾಗಿ ಚಿತ್ರಗಳಲ್ಲೇ ಹೇಳಿದ ಪುರಾಣ ಕಥೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಂದೆಯ ವೇದಪಾಠದ ತಪ್ಪು ತೋರಿಸಿ, ತಂದೆಯಿಂದಲೇ ಶಾಪ ತಿಂದು, ಎಂಟು ಕಡೆ ಮೈ ಸೊಟ್ಟಗಾಗಿ ಹುಟ್ಟಿದ ಋಷಿಪುತ್ರನದು. ಠಾಣೆಯ ಸಣ್ಣ ಪ್ರಕಾಶಕ ಕೌಶಲ್ ಅದನ್ನು ಕನ್ನಡದಲ್ಲೂ ಹಿಂದಿಯಲ್ಲೂ ಅಚ್ಚು ಹಾಕಿಸಿದ. ಡೊಂಬಿವಲಿ, ಕಲ್ಯಾಣದ ಎರಡು ಮೂರು ಶಾಲೆಗಳು ಲೈಬ್ರರಿಗೆ ತರಿಸಿಕೊಂಡವು. ಮುಖಪುಟದಲ್ಲಿ 'ಚಿತ್ರ, ಕಥೆ: ಜಯಶೀಲ' ಎಂದಿತ್ತು. ಮೊದಲ ಪ್ರತಿಯನ್ನು ಅವನು ಅಣ್ಣನ ಕಾಲ ಬಳಿ ಇಟ್ಟು ನಮಸ್ಕಾರ ಮಾಡಿದ.

ಪೃಥ್ವಿರಾಜ್ ಪುಟ ಮಗುಚುತ್ತಿದ್ದಾಗ ಅನುಷ್ಕಾ ಹಿಂದಿನಿಂದ ಬಗ್ಗಿ ನೋಡಿ ಕಿರುಚಿದಳು.

"ಅರೇ ಪಪ್ಪಾ! ಶಾಪ ಕೊಡೋ ಅಪ್ಪ ಸೇಮ್ ಟು ಸೇಮ್ ನೀವೇ! ಮೂಗು ನೋಡಿ!"

ಮೂಗು ಅಷ್ಟೇ ಅಲ್ಲ. ಸಿಟ್ಟು ಬಂದಾಗ ಎಡ ಹುಬ್ಬು ಮೇಲೇರುವುದು, ಕೆಳತುಟಿ ಒಳಗೆ ಹೋಗುವುದು, ಎಲ್ಲವೂ ಇದ್ದವು.

"ಹೌದಾ ಜಯಾ?" ಎಂದು ಪೃಥ್ವಿರಾಜ್ ಕೇಳಿದರು.

ಜಯಶೀಲ ಬಿಳಿಚಿಕೊಂಡ. "ಇಲ್ಲ ಅಣ್ಣ, ಬೇಕಂತ ಅಲ್ಲ. ಸಿಟ್ಟಿನ ಮುಖ ಅಂದರೆ... ನಾನು ಹತ್ತಿರದಿಂದ ನೋಡಿದ್ದು ಒಂದೇ."

"ಚೆನ್ನಾಗಿ ಬಂದಿದೆ," ಎಂದು ಅವರು ಪುಸ್ತಕ ಮುಚ್ಚಿದರು.

ವಾಶಿಯ ಕನ್ನಡ ಸಂಘದವರು ಆ ಪುಸ್ತಕದ ಬಗ್ಗೆ 'ಓದುಗರ ಅಭಿಪ್ರಾಯ' ಎಂಬ ಕಾರ್ಯಕ್ರಮ ಇಟ್ಟುಕೊಂಡರು. ಕಾರ್ಯದರ್ಶಿ ಸರ್ವೋತ್ತಮ ಘಣಸೋಲಿಯಲ್ಲಿ ಹೋಟೆಲು ನಡೆಸುವವರು. ಒಳ್ಳೆಯ ಮನುಷ್ಯ, ಆದರೆ ದೊಡ್ಡವರೆಂದರೆ ತುಸು ಹೆಚ್ಚೇ ಬಾಗುವವರು. ಅಧ್ಯಕ್ಷತೆಗೆ ಡಾಕ್ಟರರೇ ಬರಬೇಕೆಂದು ಅವರು ಮನೆಗೆ ಬಂದು ಕೇಳಿಕೊಂಡರು. ಪೃಥ್ವಿರಾಜ್ ಸಂತೋಷದಿಂದ ಒಪ್ಪಿದರು.

ಆ ದಿನ ಸಭಾಗೃಹ ಮುಕ್ಕಾಲು ತುಂಬಿತ್ತು. ಅಭಿಪ್ರಾಯಗಳು ಎಲ್ಲೆಲ್ಲಿಗೋ ಹೋದವು. ಚಿತ್ರಕಥೆ ಎಂದರೆ ಅಕ್ಷರ ಕಲಿಯದ ಸೋಮಾರಿಗಳಿಗೆ ಎಂದರು ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಋಷಿಗಳನ್ನು ಕಪ್ಪುಬಿಳುಪಿನಲ್ಲಿ ಬರೆಯುವುದು ಅಪಶಕುನ, ಕಾವಿಗಾದರೂ ಬಣ್ಣ ಹಾಕಬೇಕಿತ್ತು ಎಂದಳು ಒಬ್ಬ ಹೆಂಗಸು. ಎಲ್ಲರೂ ನಕ್ಕರು, ಜಯಶೀಲನೂ ನಕ್ಕ. ಆಮೇಲೆ ಡೊಂಬಿವಲಿಯಿಂದ ತಾಯಿಯ ಜೊತೆ ಬಂದಿದ್ದ ಒಬ್ಬ ಪುಟ್ಟ ಹುಡುಗಿ ಮೈಕಿನ ಮುಂದೆ ತುದಿಗಾಲಲ್ಲಿ ನಿಂತು, "ಮುಝೇ ವೋ ಟೇಢಾ ಲಡ್ಕಾ ಬಹುತ್ ಅಚ್ಛಾ ಲಗಾ. ಸಬ್ ಹಂಸ್‌ತೇ ಹೈಂ, ಫಿರ್ ಭೀ ವೋ ಡರ್‌ತಾ ನಹೀಂ," ಎಂದಳು. ಎಲ್ಲರೂ ನಕ್ಕರೂ ಹೆದರದ ಆ ಸೊಟ್ಟ ಹುಡುಗ ಅವಳಿಗೆ ತುಂಬ ಹಿಡಿಸಿದ್ದ. ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ. ಜಯಶೀಲ ಕನ್ನಡಕ ತೆಗೆದು ಒರೆಸಿಕೊಂಡ. ಅವನಿಗೆ ಆಗ ನಲವತ್ತರ ಹತ್ತಿರ. ಒಂದು ಸಭೆ ತನಗಾಗಿ ಕೈ ತಟ್ಟಿದ್ದು ಅದೇ ಮೊದಲು.

ಕೊನೆಗೆ ಪೃಥ್ವಿರಾಜ್ ಎದ್ದರು. ಅವರ ದನಿ ಎಂದಿನಂತೆ ಮೃದುವಾಗಿತ್ತು.

"ಇವನು ನನ್ನ ತಮ್ಮ. ನಾನು ಹೊಗಳಿ ಕೂತರೆ ಎಲ್ಲರಿಗೂ ಖುಷಿ. ಆದರೆ ನಾನು ಮೊದಲು ಡಾಕ್ಟರು. ಈ ಪುಟ ನೋಡಿ. ಹೊಟ್ಟೆಯೊಳಗಿನ ಶಿಶು, ಅದರ ಬೆನ್ನೆಲುಬು ತಿರುಚಿಕೊಳ್ಳುತ್ತಾ ಉಂಟು. ಐದು ವರ್ಷದ ಮಗು ಇದನ್ನು ನೋಡಿ ಮಲಗಬೇಕಾ? ಇಂಥದ್ದು ಎಲ್ಲಿಂದ ಬರುತ್ತದೆ ಅಂತ ನಿಮಗೆ ಅನಿಸಬಹುದು. ನನಗೆ ಗೊತ್ತುಂಟು. ಇಪ್ಪತ್ತರ ಪ್ರಾಯದಲ್ಲಿ ಇವನನ್ನು ಮಾನಸಿಕ ಆಸ್ಪತ್ರೆಯಲ್ಲಿ ಇಡಬೇಕಾಯಿತು. ನಾನೇ ಸೇರಿಸಿದ್ದು. ಇವತ್ತಿಗೂ ಮಾತ್ರೆ ಉಂಟು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಸಕ್ಕರೆ ಕಾಯಿಲೆಯ ಹಾಗೆ ಅದೂ ಒಂದು ಕಾಯಿಲೆ."

ಅವರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು.

"ಚಿತ್ರ ಬಿಡಿಸುವುದು ಇವನಿಗೆ ಚಿಕಿತ್ಸೆ. ಶುರು ಮಾಡಿಸಿದವನು ನಾನು. ಆದರೆ ಚಿಕಿತ್ಸೆ ಬೇರೆ, ಮಕ್ಕಳ ಕೈಗೆ ಕೊಡುವ ಪುಸ್ತಕ ಬೇರೆ. ತಾಯಂದಿರು ಯೋಚನೆ ಮಾಡಿ. ಮತ್ತೆ ಒಂದು ವಿನಂತಿ. ಇವನಿಗೆ ಬೇಸರವಾಗುವ ಹಾಗೆ ಯಾರೂ ಮಾತಾಡಬೇಡಿ. ತಡೆದುಕೊಳ್ಳುವ ಶಕ್ತಿ ಇವನಿಗಿಲ್ಲ."

ಸರ್ವೋತ್ತಮರಿಗೆ ಏನು ಮಾಡಬೇಕೆಂದು ತಿಳಿಯದೆ, ಕಾರ್ಯಕ್ರಮದಲ್ಲಿ ಬರೆದಿದ್ದಂತೆ, "ಈಗ ಲೇಖಕರಿಂದ ಎರಡು ಮಾತು," ಎಂದುಬಿಟ್ಟರು. ಜಯಶೀಲ ಎದ್ದು ಮೈಕಿನ ಮುಂದೆ ಬಂದ. ಬಾಯಿ ತೆರೆದ. ಮೈಕು ಹಿಡಿದ ಕೈ ನಡುಗಿತು. ನಡುಕ ನಿಲ್ಲಿಸಲು ಇನ್ನೊಂದು ಕೈಯಿಂದಲೂ ಹಿಡಿದ. ಈಗ ಎರಡೂ ಕೈ ನಡುಗಿದವು. ಮುಂದಿನ ಸಾಲಿನ ಹೆಂಗಸೊಬ್ಬಳು ಪಕ್ಕದವಳ ಕಡೆ ಬಗ್ಗಿ, "ನೋಡಿ, ಪಾಪ," ಎಂದದ್ದು ಅವನಿಗೂ ಕೇಳಿಸಿತು. ಅವನು ಮಾತಾಡದೆ ಹೋಗಿ ಕೂತ.

ಹೊರಗೆ ಪುಸ್ತಕ ಇಟ್ಟಿದ್ದ ಮೇಜಿಗೆ ಹಲವರು ಕೊಂಡಿದ್ದ ಪ್ರತಿಗಳನ್ನು ಸದ್ದಿಲ್ಲದೆ ಮರಳಿ ಇಟ್ಟು ಹೋದರು. ಡೊಂಬಿವಲಿಯ ಹುಡುಗಿ ತನ್ನದನ್ನು ಎದೆಗೆ ಒತ್ತಿಕೊಂಡಿದ್ದಳು. ತಾಯಿ ಅವಳ ಬೆರಳುಗಳನ್ನು ಬಿಡಿಸಿ ಪುಸ್ತಕ ಕಿತ್ತುಕೊಂಡಳು.

ಮನೆಗೆ ಹೋಗುವಾಗ ಪೃಥ್ವಿರಾಜ್ ಕಾರಿನ ಕನ್ನಡಿಯಲ್ಲಿ ಹಿಂದಿನ ಸೀಟು ನೋಡಿ ಕೇಳಿದರು. "ಜಯಾ, ಹಸಿವಾಯಿತಾ? ಏನಾದರೂ ತಿಂದು ಹೋಗುವ."

ದಾರಿಯ ಹೋಟೆಲಿನಲ್ಲಿ ತಮ್ಮನಿಗೆ ಇಷ್ಟವೆಂದು ಅವರೇ ನೀರುದೋಸೆ ಹೇಳಿದರು. ಜಯಶೀಲ ಪೂರ್ತಿ ತಿಂದ. ಅಣ್ಣ ತಿನ್ನು ಎಂದರೆ ತಿನ್ನುವುದು ಆಸ್ಪತ್ರೆಯ ದಿನಗಳಿಂದ ಬಂದ ಅಭ್ಯಾಸ.

ಮರುದಿನದಿಂದ ಇಂಟರ್‌ನೆಟ್ಟಿನಲ್ಲಿ ಅವನ ಪುಸ್ತಕದ ಕೆಳಗೆ ಅಭಿಪ್ರಾಯಗಳು ಬೀಳತೊಡಗಿದವು. ಬರೆದವರಲ್ಲಿ ಹೆಚ್ಚಿನವರು ಅದನ್ನು ತೆರೆದೂ ನೋಡಿರಲಿಲ್ಲ. 'ಲೇಖಕರ ತಲೆ ಸರಿ ಇಲ್ಲವೆಂದು ಸ್ವಂತ ಅಣ್ಣನೇ ಹೇಳಿದ್ದಾರೆ, ಅವರು ದೊಡ್ಡ ಡಾಕ್ಟರು. ಮಕ್ಕಳಿಗೆ ಕೊಡಬೇಡಿ. ಒಂದು ಸ್ಟಾರ್.' 'ಹುಚ್ಚಾಸ್ಪತ್ರೆಯ ಪುರಾಣ. ಒಂದು ಸ್ಟಾರ್.' 'ಅರ್ಧ ಸ್ಟಾರ್ ಕೊಡಲು ಅವಕಾಶವಿಲ್ಲದ್ದರಿಂದ ಒಂದು.' ಶಾಲೆಗಳು ಪ್ರತಿಗಳನ್ನು ವಾಪಸು ಕಳಿಸಿದವು. ಕೌಶಲ್ ಫೋನು ಮಾಡಿ, "ದಾದಾ, ಆಪ್ ಕಾ ಕಾಮ್ ಏಕ್ ನಂಬರ್ ಹೈ, ಲೇಕಿನ್ ಅಬ್ ಕೋಯಿ ಹಾಥ್ ನಹೀಂ ಲಗಾಯೇಗಾ," ಎಂದ. ಕೆಲಸ ಒಳ್ಳೆಯದೇ, ಆದರೆ ಇನ್ನು ಯಾರೂ ಅದನ್ನು ಮುಟ್ಟುವುದಿಲ್ಲವಂತೆ. ಮರಾಠಿಯಲ್ಲಿ ತರುವ ಮಾತು ಅಲ್ಲಿಗೇ ನಿಂತಿತು.

ಅನುಷ್ಕಾ ಅಪ್ಪನ ಕೋಣೆಗೆ ನುಗ್ಗಿದಳು.

"ಪಪ್ಪಾ, ಕ್ಯೂಂ ಬೋಲಾ ಆಪ್‌ನೇ? ಅಷ್ಟು ಜನರ ಮುಂದೆ ಯಾಕೆ ಹೇಳಿದಿರಿ?"

"ಅದರಲ್ಲಿ ಸುಳ್ಳು ಯಾವುದು, ತೋರಿಸು." ಪೃಥ್ವಿರಾಜ್ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ಕಾಯಿಲೆ ಮುಚ್ಚಿಡಬಾರದು ಅಂತ ನಿಮಗೆ ಕ್ಲಾಸಿನಲ್ಲಿ ಕಲಿಸುವುದಿಲ್ಲವಾ?"

ಕಲಿಸುತ್ತಿದ್ದರು. ಅವಳು ಅಳುತ್ತಾ ತನ್ನ ಕೋಣೆಗೆ ಹೋಗಿ, ಅಪ್ಪನ ಪುಸ್ತಕದ ಕೆಳಗೆ ತನ್ನ ಹೆಸರು ಹಾಕಿಯೇ ಬರೆದಳು. 'ಈ ಪುಸ್ತಕದ ಒಂದೊಂದು ಚಿತ್ರವೂ ನನ್ನ ಚಿಕ್ಕಪ್ಪ ಜಯಶೀಲ ಬಿಡಿಸಿದ್ದು. ನೀವು ಪಾಸಾದದ್ದು ಅವರಿಂದ. ಬರೆದವರು ಅವರ ಹೆಸರನ್ನು ನುಂಗಿದರು. ಒಂದು ಸ್ಟಾರ್.'

ಅಂದು ಸಂಜೆಯೇ ಅದು ಪೃಥ್ವಿರಾಜರ ಕಣ್ಣಿಗೆ ಬಿತ್ತು. ಅವರು ಮಗಳನ್ನು ಬೈಯಲಿಲ್ಲ. ಮೊಬೈಲು ತೆಗೆದುಕೊಂಡು ಹೋಗಿ ತಮ್ಮನ ಮುಂದೆ ಹಿಡಿದರು.

"ಮಗಳ ಕೈಯಲ್ಲಿ ಬರೆಸಿದೆಯಾ ಜಯಾ? ಗಂಜಿ ಕುಡಿಸಿದ್ದಕ್ಕೆ ಇದಾ?"

ಜಯಶೀಲ ಓದಿದ. ಎದ್ದು ಅನುಷ್ಕಾಳ ಬಾಗಿಲಿಗೆ ಬಂದು ನಿಂತ. "ಅನು, ಅಳಿಸಿಬಿಡು."

"ಚಿಕ್ಕಪ್ಪ, ನಾನು ನಿನಗೋಸ್ಕರ..."

"ನನಗೋಸ್ಕರ ಎಂತದೂ ಬೇಡ. ನೀನು ಆ ದಿನ ತಿಂಡಿ ತಿನ್ನುವಾಗ ರಿವ್ಯೂ ಓದಿದೆಯಲ್ಲ, ಅದೂ ನನಗೋಸ್ಕರವೇ ಅಲ್ಲವಾ?" ಅವನು ಅಷ್ಟು ಒರಟಾಗಿ ಮಾತಾಡಿದ್ದನ್ನು ಅವಳು ಎಂದೂ ಕೇಳಿರಲಿಲ್ಲ. "ಅಳಿಸು. ಇಲ್ಲಿಯೇ, ನನ್ನ ಎದುರು."

ಅವಳು ಅಳಿಸಿದಳು.

ಆ ವಾರವೇ ಅವನು ಘಣಸೋಲಿಗೆ ಹೊರಟುಹೋದ. ಸಭೆಯ ದಿನದಿಂದ ಮುಖ ತಪ್ಪಿಸಿಕೊಂಡು ತಿರುಗುತ್ತಿದ್ದ ಸರ್ವೋತ್ತಮರು ತಮ್ಮ ಹೋಟೆಲಿನ ಗಲ್ಲಾದಲ್ಲಿ ಕೂರುವ ಕೆಲಸ ಕೊಟ್ಟರು. ಹಳೆ ಊರಿನ ಗಲ್ಲಿಯಲ್ಲಿ ಒಂದು ಕೋಣೆ ಮಾಡಿಕೊಟ್ಟರು. ಹೊರಡುವಾಗ ರಮಿತಾ ಚಪಾತಿ ಕಟ್ಟಿಕೊಟ್ಟು ಹೇಳಿದಳು. "ನಿಮ್ಮ ಅಣ್ಣನ ಮನಸ್ಸು ಕೆಟ್ಟದ್ದಲ್ಲ." ಜಯಶೀಲ, "ಗೊತ್ತುಂಟು ಅತ್ತಿಗೆ," ಎಂದ. ಶಾಯಿ, ಪೆನ್ನು, ಕಾಗದ ಎಲ್ಲ ಕೋಣೆಯಲ್ಲೇ ಉಳಿದವು. ಪೃಥ್ವಿರಾಜ್ ಆ ಕೋಣೆಯನ್ನು ತಮ್ಮ ಓದುವ ಕೋಣೆ ಮಾಡಿಕೊಂಡರು. ಮಾತ್ರೆ ತಪ್ಪಿಸಬೇಡ ಎಂಬ ಮೆಸೇಜನ್ನು ತಮ್ಮನಿಗೆ ಕಳಿಸುವುದನ್ನು ಮಾತ್ರ ಅವರು ಒಂದು ದಿನವೂ ಮರೆಯಲಿಲ್ಲ.

ಮುಂದಿನ ವರ್ಷ ಪೃಥ್ವಿರಾಜರ ಪುಸ್ತಕದ ಮೂರನೇ ಆವೃತ್ತಿ ಬಂತು. ಚಿತ್ರಗಳನ್ನೆಲ್ಲ ತೆಗೆದು ಕಂಪ್ಯೂಟರಿನಲ್ಲಿ ಮಾಡಿಸಿದ ಬಣ್ಣದ ಚಿತ್ರ ಹಾಕಿದ್ದರು. ಪುಸ್ತಕ ಬಿದ್ದುಹೋಗುತ್ತದೆ ಎಂದು ಅನುಷ್ಕಾ ಒಳಗೊಳಗೇ ಕಾದಿದ್ದಳು. ಅದು ಮೊದಲಿಗಿಂತ ಹೆಚ್ಚು ಹೋಯಿತು. ಅವಳ ಕ್ಲಾಸಿನವರೇ, "ಈಗ ಕ್ಲಿಯರ್ ಆಗಿದೆ ಯಾರ್, ಪಹಲೇ ಸಬ್ ಕಾಲಾ ಕಾಲಾ ಥಾ, ಬರೀ ಕಪ್ಪು," ಎಂದರು.

ಪೃಥ್ವಿರಾಜ್ ಒಂದು ಪ್ರತಿ ತಂದು ಮಗಳಿಗೆ ಕೊಟ್ಟು ಮುನ್ನುಡಿ ತೆರೆದು ತೋರಿಸಿದರು. "ಹೆಸರು ಹಾಕಿಲ್ಲ ಅಂತ ಬರೆದಿದ್ದೆಯಲ್ಲ. ಓದು. ಈಗ ಸಮಾಧಾನವಾ?"

ಮುನ್ನುಡಿಯ ಕೊನೆಯಲ್ಲಿ ಹೀಗಿತ್ತು: 'ಹಿಂದಿನ ಆವೃತ್ತಿಗಳ ಚಿತ್ರಗಳನ್ನು ನನ್ನ ತಮ್ಮ ಜಯಶೀಲ ಬಿಡಿಸಿದ್ದ. ದೀರ್ಘಕಾಲದ ಮಾನಸಿಕ ಅಸ್ವಾಸ್ಥ್ಯದಿಂದಾಗಿ ಅವನಿಂದ ಈ ಕೆಲಸ ಮುಂದುವರಿಸಲಾಗಲಿಲ್ಲ. ಈ ಆವೃತ್ತಿಯನ್ನು ಅವನಿಗೂ, ಅವನಂತೆ ನರಳುವ ಎಲ್ಲರಿಗೂ ಪ್ರೀತಿಯಿಂದ ಅರ್ಪಿಸುತ್ತೇನೆ.'

ಓದುಗರಿಗೆ ಅದು ಬಹಳ ಹಿಡಿಸಿತು. 'ಮುನ್ನುಡಿ ಓದಿ ಕಣ್ಣು ತುಂಬಿತು. ಅಣ್ಣ ಎಂದರೆ ಹೀಗಿರಬೇಕು. ಐದು ಸ್ಟಾರ್,' ಎಂದು ನಾಗಪುರದ ವಿದ್ಯಾರ್ಥಿಯೊಬ್ಬ ಬರೆದ. 'ಇಂಥ ಮನುಷ್ಯತ್ವ ಇರುವ ಡಾಕ್ಟರು ಬೇಕು,' ಎಂದು ಇನ್ನೊಬ್ಬಳು. ಅಂಥವು ಸಾಲುಗಟ್ಟಿ ಬಂದವು. ಈ ಸಲ ಪೃಥ್ವಿರಾಜರೇ ಅವನ್ನು ತಿಂಡಿಯ ಹೊತ್ತಿಗೆ ಓದಿ ಹೇಳುತ್ತಿದ್ದರು.

ಅನುಷ್ಕಾ ಕಾಲೇಜಿನಿಂದ ನೇರವಾಗಿ ರೈಲು ಹತ್ತಿ, ನೆರೂಳಿನಲ್ಲಿ ಗಾಡಿ ಬದಲಿಸಿ ಘಣಸೋಲಿಗೆ ಹೋದಳು. ಮಧ್ಯಾಹ್ನದ ಊಟದ ಗಿರಾಕಿ ಮುಗಿಯುವ ಹೊತ್ತು. ಜಯಶೀಲ ಗಲ್ಲಾದಲ್ಲಿದ್ದ. ಮುಖ ತುಂಬಿಕೊಂಡಿತ್ತು, ಕೂದಲು ನೀಟಾಗಿ ಬಾಚಿದ್ದ. ಅವನ ಪಕ್ಕದಲ್ಲಿ ಹೊಸ ಪುಸ್ತಕವಿತ್ತು.

"ಅಣ್ಣ ಕೊರಿಯರ್ ಮಾಡಿದ್ದಾರೆ," ಎಂದ ಅವನು, ಅವಳ ನೋಟ ನೋಡಿ. "ಸಹಿ ಹಾಕಿ."

"ಮುನ್ನುಡಿ ಓದಿದೆಯಾ?"

"ಸರ್ವೋತ್ತಮಣ್ಣ ಎಲ್ಲರಿಗೂ ಕೇಳುವ ಹಾಗೆ ಓದಿದರು. ಅವರಿಗೆ ಹೆಮ್ಮೆ, ನನ್ನ ಹೆಸರು ಅಚ್ಚಾಗಿದೆ ಅಂತ." ಅವನು ಒಬ್ಬ ಗಿರಾಕಿಗೆ ಚಿಲ್ಲರೆ ಎಣಿಸಿ ಕೊಟ್ಟ. "ಈಗ ಅಡುಗೆಯವರು ನನ್ನ ಹತ್ತಿರ ಮೆಲ್ಲ ಮಾತಾಡುತ್ತಾರೆ. ಚೂರಿ ನನ್ನ ಕೈಗೆ ಸಿಗದ ಹಾಗೆ ತೆಗೆದಿಡುತ್ತಾರೆ."

ಅನುಷ್ಕಾ ಗಲ್ಲಾದ ಮೇಜಿನ ಮೇಲೆ ಬಗ್ಗಿದಳು. "ಚಿಕ್ಕಪ್ಪ, ಮತ್ತೆ ಬಿಡಿಸು ನಾ. ಕೌಶಲ್ ಹತ್ತಿರ ನಾನು ಮಾತಾಡುತ್ತೇನೆ. ಬೇರೆ ಹೆಸರಿನಲ್ಲಿ..."

"ಊಟ ಮಾಡಿ ಹೋಗು. ಬಂಗುಡೆ ಉಂಟು."

"ಬೇಡ."

"ಹಾಗಾದರೆ ಇನ್ನು ಬರಬೇಡ ಅನು." ಅವನು ಸಿಟ್ಟಿನಿಂದ ಹೇಳಲಿಲ್ಲ. "ನೀನು ಬಿಳಿ ಕೋಟು ಕೈಯಲ್ಲಿ ಹಿಡಿದು ಬರುತ್ತೀ. ಯಾರು ಅಂತ ಕೇಳುತ್ತಾರೆ. ಅಣ್ಣನ ಮಗಳು ಅನ್ನಬೇಕು. ಆಗ ಎಲ್ಲರೂ ನಿನ್ನ ಅಪ್ಪನನ್ನು ಹೊಗಳುತ್ತಾರೆ. ನಾನೂ ಕೂತು ಹೌದು ಹೌದು ಅನ್ನಬೇಕು."

ಅವಳು ಏನೋ ಹೇಳಲು ಹೋದಳು. ಅಷ್ಟರಲ್ಲಿ ಊಟ ಮುಗಿಸಿದ ನಾಲ್ಕು ಜನ ಬಿಲ್ಲು ಹಿಡಿದು ಅವಳ ಹಿಂದೆ ನಿಂತರು.

"ಸ್ವಲ್ಪ ಬದಿಗೆ ನಿಲ್ಲು," ಎಂದ ಜಯಶೀಲ.

ಅವಳು ಬದಿಗೆ ಸರಿದಳು. ಅವನು ಮೊದಲನೆಯವನ ಬಿಲ್ಲು ತೆಗೆದುಕೊಂಡ. ಅನುಷ್ಕಾ ಸ್ವಲ್ಪ ಹೊತ್ತು ಬಾಗಿಲ ಬಳಿ ಕಾದಳು. ಅವನು ಇತ್ತ ನೋಡಲೇ ಇಲ್ಲ. ಕೊನೆಗೆ ಅವಳು ಕೋಟನ್ನು ಚೀಲದೊಳಗೆ ತುರುಕಿ ಸ್ಟೇಷನ್ನಿನ ಕಡೆ ನಡೆದಳು.