ಮೇಜಿನ ಕೆಳಗಿನ ಚಿಂದಿರಾಣಿ

ನನ್ನ ಮಗಳು ಮಾತಿನ ಮಲ್ಲಿ. ಬೆಳಿಗ್ಗೆ ಕಣ್ಣು ಬಿಟ್ಟ ಗಳಿಗೆಯಿಂದ ನನ್ನ ತಲೆ ತಿನ್ನಲು ಶುರು ಮಾಡಿದರೆ ನಿದ್ದೆ ಬರುವ ತನಕ ಬಿಡುವುದಿಲ್ಲ. ಆದರೆ ಕಾರ್ಖಾನೆಯಲ್ಲಿ ಅವಳು ಇದ್ದಾಳೆಂದೇ ಗೊತ್ತಾಗುತ್ತಿರಲಿಲ್ಲ. ಹಾಗೆ ಪಳಗಿಸಿದ ಪುಣ್ಯಾತ್ಗಿತ್ತಿ ನಾನೇ.

ನನ್ನದು ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ದಾರ ಕತ್ತರಿಸುವ ಕೆಲಸ. ಹೊಲಿದು ಬಂದ ಅಂಗಿಗಳಲ್ಲಿ ಜೋತುಬಿದ್ದ ದಾರದ ತುದಿಗಳನ್ನು ಕತ್ತರಿಸಿ ಮುಂದಕ್ಕೆ ತಳ್ಳಬೇಕು. ಪುಟ್ಟ ಕತ್ತರಿಯೊಂದು ದಿನವಿಡೀ ಕೊರಳಲ್ಲಿ ನೇತಾಡುತ್ತಿರುತ್ತದೆ. ಗಂಡ ಲಾರಿ ಓಡಿಸುತ್ತಾನೆ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ ತೀರಿಕೊಂಡ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ದುಡ್ಡು ತೆಗೆದುಕೊಳ್ಳುವ ಶಿಶುವಿಹಾರಗಳು ಬೀದಿಗೊಂದಿವೆ, ನಮ್ಮಂಥವರು ಅತ್ತ ತಲೆ ಹಾಕುವ ಹಾಗಿಲ್ಲ. ಸರ್ಕಾರದ್ದು ಒಂದೇ ಒಂದು. ಪುಕ್ಕಟೆ. ಅಲ್ಲಿ ಹೆಸರು ಬರೆಸಿ ಒಂದೂವರೆ ವರ್ಷ ಕಾದೆ.

ಅಷ್ಟು ದಿನವೂ ಮಗಳು ನನ್ನ ಮೇಜಿನ ಕೆಳಗೆ, ಚಿಂದಿಯ ರಾಶಿಯಲ್ಲಿ ಕೂತು ಬೆಳೆದಳು. ಪಕ್ಕದ ಮೇಜಿನ ಅಕ್ಕ ಅವಳಿಗೆ ಚಿಂದಿರಾಣಿ ಎಂದು ಹೆಸರಿಟ್ಟಳು. ಮಕ್ಕಳನ್ನು ತಂದರೆ ಆ ದಿನವೇ ಮನೆಗೆ ಕಳಿಸುತ್ತೇನೆ ಎನ್ನುವ ಮೇಸ್ತ್ರಿ ನಮ್ಮವನು. ಅವನ ಬೂಟಿನ ಸದ್ದು ಕೇಳಿದರೆ ನಾನು ಕತ್ತರಿಯಿಂದ ಮೇಜಿಗೆ ಒಂದು ಸಲ ತಟ್ಟುತ್ತಿದ್ದೆ. ಅವಳು ಉಸಿರು ಬಿಗಿ ಹಿಡಿದು ಮುದುಡಿಕೊಳ್ಳುತ್ತಿದ್ದಳು. ಅವನು ಹೋದ ಮೇಲೆ ಎರಡು ಸಲ. ಆಗ ಹೊರಗೆ ಬರಬಹುದು. ಬರುಬರುತ್ತಾ ಮೊದಲನೆಯದು ಬೇಕಾಗಲೇ ಇಲ್ಲ, ಬೂಟಿನ ಸದ್ದೇ ಸಾಕಾಯಿತು. ಎಷ್ಟು ಜಾಣೆ ಎಂದು ನಾನು ಬೀಗುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೂ ಒಂದು ಜಾಗ ಖಾಲಿಯಾಗಿದೆ, ಮಧ್ಯಾಹ್ನದೊಳಗೆ ಮಗುವನ್ನು ಕರೆತನ್ನಿ ಎಂದು ಫೋನ್ ಬಂತು. ಅಕ್ಕನಿಗೆ ಅಂಗಿಗಳನ್ನು ಒಪ್ಪಿಸಿ, ಕೊರಳಲ್ಲಿ ಕತ್ತರಿ ಇರುವುದನ್ನೂ ಮರೆತು ಮಗಳನ್ನು ಎತ್ತಿಕೊಂಡು ಓಡಿದೆ. ಅಲ್ಲಿ ಕೊಟ್ಟ ಅರ್ಜಿಯಲ್ಲಿ ಈಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದರು. ಕಾರ್ಖಾನೆಯ ಸುದ್ದಿ ಎತ್ತಿದರೆ ಕೆಲಸಕ್ಕೆ ಕುತ್ತು. 'ಅಜ್ಜಿ' ಎಂದು ಬರೆದು, ತೀರಿಕೊಂಡ ಅತ್ತೆಗೆ ಮತ್ತೆ ಕೆಲಸ ಹಚ್ಚಿದೆ.

"ಹೆಚ್ಚೇನಿಲ್ಲಮ್ಮ," ಅಂದರು ಶಿಶುವಿಹಾರದ ಮೇಡಂ. "ಹೆಸರು ಹೇಳ್ಬೇಕು, ಒಂದಕ್ಕೆ ಬಂದ್ರೆ ಕೇಳ್ಬೇಕು. ಅಷ್ಟು ಬಂದ್ರೆ ಸಾಕು."

ಮಗಳು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಬೂಟುಗಳ ಸದ್ದಾಯಿತು. ಕಾವಲಿನವನು ಬೀಗದ ಕೈ ಕೊಡಲು ಬಂದಿದ್ದ. ಅಷ್ಟೇ, ಇವಳು ಮೇಡಂ ಮೇಜಿನ ಕೆಳಗೆ ನುಸುಳಿದಳು. ಅವನು ಹೋದ. ಮೇಡಂ ಬಗ್ಗಿ ಕರೆದರು, ಬಣ್ಣದ ಚೆಂಡು ತೋರಿಸಿದರು. ಮಗಳು ಮೊಣಕಾಲಿನ ನಡುವೆ ಮುಖ ಹುದುಗಿಸಿ ಕೂತೇ ಇದ್ದಳು.

"ಮಾತು ಬರುತ್ತೆ ತಾನೆ?"

"ಬರುತ್ತೆ ಮೇಡಂ. ಮನೇಲಿ ಬಾಯಿಗೆ ಬಿಡುವೇ ಇಲ್ಲ."

"ಎಲ್ಲ ತಾಯಂದ್ರೂ ಹಾಗೇ ಅಂತಾರಮ್ಮ. ಇನ್ನೊಂದು ವರ್ಷ ಹೋಗ್ಲಿ. ಪಟ್ಟೀಲಿ ಇವಳ ಹಿಂದೆ ನಲವತ್ತು ಮಕ್ಕಳಿದ್ದಾರೆ."

ಅವರು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಅವಳನ್ನು ಹೊರಗೆ ಕರೆಯುವುದು ಹೇಗೆಂದು ನನಗೆ ಗೊತ್ತಿತ್ತು. ಹೊರಗೆ ಬಂದರೆ ಅವಳ ಬಾಯಿಂದ ಮೊದಲು ಏನು ಬರುತ್ತದೆ ಎಂದೂ ಗೊತ್ತಿತ್ತು. ಕೊರಳಿನ ಕತ್ತರಿ ಹಿಡಿದು ಮೇಡಂ ಮೇಜಿಗೆ ಎರಡು ಸಲ ತಟ್ಟಿದೆ.

ಮಗಳು ತಲೆ ಹೊರಗೆ ಹಾಕಿ, "ಹೋದ್ನಾ ಅವ್ನು?" ಅಂದಳು.

"ಯಾರು ಪುಟ್ಟಿ?"

"ಮೇಸ್ತ್ರಿ. ನಾನು ಕಂಡ್ರೆ ಅಮ್ಮಂಗೆ ಕೆಲ್ಸ ಇಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಚಿಂದಿ, ಅಕ್ಕ, ಕೆಮ್ಮು ಬಂದರೆ ಬಾಯಿಗೆ ಬಟ್ಟೆ ತುರುಕಿಕೊಳ್ಳುವ ಬಗೆ, ಒಂದೂ ಬಿಡಲಿಲ್ಲ. ಹೆಸರೇನು ಎಂದರೆ ಚಿಂದಿರಾಣಿ ಎಂದಳು. ಒಂದಕ್ಕೆ ಹೋಗಬೇಕೆಂದು ತಾನಾಗಿಯೇ ಕೇಳಿದಳು.

ಮೇಡಂ ಅರ್ಜಿಯನ್ನು ಮತ್ತೆ ಹತ್ತಿರ ಎಳೆದುಕೊಂಡು, 'ಅಜ್ಜಿ' ಎಂಬ ಪದದ ಮೇಲೆ ಬೆರಳಿಟ್ಟರು.

"ಮೇಜಿನ ಕೆಳಗೆ ಅಂತ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲ. ಅಜ್ಜೀನೇ ಇರ್ಲಿ ಬಿಡಿ," ಅಂದರು. "ನಾಳೆ ಒಂಬತ್ತಕ್ಕೆ ಬಿಡಿ. ಎರಡು ಸಲ ತಟ್ಟಿದ್ರೆ ಬರ್ತಾಳೆ ಅಲ್ವಾ?"

ಮೊದಲ ವಾರವೆಲ್ಲ ಮೇಡಂ ಕೂಡ ಮೇಜು ತಟ್ಟಬೇಕಾಯಿತಂತೆ. ಎರಡನೇ ವಾರ ಆ ಬೂಟಿನ ಕಾವಲಿನವನು ಬಂದಾಗ ಇವಳೇ ಎದುರು ಹೋಗಿ, ಕೈಯಲ್ಲಿರುವುದು ಏನೆಂದು ವಿಚಾರಿಸಿದಳಂತೆ. ಸ್ವಲ್ಪ ಬಾಯಿ ಮುಚ್ಚುವುದನ್ನು ಕಲಿಸಿ ಎಂದು ಮೇಡಂ ನನಗೇ ದೂರಿದರು. ಅದೊಂದನ್ನು ಮಾತ್ರ ಕಲಿಸಲಾರೆ ಎಂದೆ.

ಮೇಡಂ ಹಾಗೆ ದೂರಿದ ದಿನ ಮಧ್ಯಾಹ್ನ, ಕಾರ್ಖಾನೆಯಲ್ಲಿ ಮೇಸ್ತ್ರಿ ಒಂದು ಸುತ್ತು ಬಂದು ಹೋದ. ನನ್ನ ಕೈ ತನ್ನಷ್ಟಕ್ಕೆ ಕತ್ತರಿ ಎತ್ತಿ ಎರಡು ಸಲ ತಟ್ಟಿತು. ಯಾರೂ ಬರಲಿಲ್ಲ. ಬಗ್ಗಿ ನೋಡಿದೆ. ಚಿಂದಿಯ ರಾಶಿಯಲ್ಲಿ ಅವಳು ಕೂತು ಕೂತು ಬಿದ್ದ ಗುಳಿ ಹಾಗೇ ಇತ್ತು, ಒಂದು ಬೆಕ್ಕಿಗೆ ಸಾಲುವಷ್ಟು ಪುಟ್ಟದು. ಇಷ್ಟರಲ್ಲಿ ಒಂದೂವರೆ ವರ್ಷ ಹೇಗೆ ಹಿಡಿಸಿದಳೋ ಎಂದು ಕಣ್ಣು ತುಂಬಿ ಬಂತು. ಚಿಂದಿ ಕೆದರಿ ಅದನ್ನು ಮುಚ್ಚಿ, ಮುಂದಿನ ಅಂಗಿ ಎತ್ತಿಕೊಂಡೆ.