ಕೋಟಿನೊಳಗಿನ ಕೈಪಿಡಿ

ಒಡೀಲಿಯಾ ಬೋರ್ಬಾ ನಡೆದು ಬರುವುದನ್ನು ಮೊದಲ ಸಲ ಕಂಡವರು ತಮ್ಮ ಕಾಲಡಿಯ ನೆಲವನ್ನೊಮ್ಮೆ ನೋಡಿಕೊಳ್ಳುತ್ತಾರೆ. ಟೊಮೆಟೊ ಡಬ್ಬಿ ತುಂಬುವ ಕಾರ್ಖಾನೆಯ ಒದ್ದೆ ನೆಲದ ಮೇಲೆ ಇಪ್ಪತ್ತಾರು ಸುಗ್ಗಿ ಕಳೆದ ಹೆಂಗಸು ಅವಳು. ಒಣ ನೆಲದಲ್ಲೂ ಪಾದವನ್ನು ಪೂರ್ತಿ ಊರಿ, ಜಾರುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಇನ್ನೊಂದನ್ನು ಎತ್ತುವಳು. ಹಾಗೆ ಊರಿದ ಪಾದವನ್ನು ಹಿಂದೆಗೆದದ್ದನ್ನು ನಾನಂತೂ ಕಂಡಿಲ್ಲ.

ಅವಳ ಕೋಟು ಅವಳಪ್ಪನದು. ಅಜೋರ್ಸ್ ದ್ವೀಪಗಳಿಂದ ಬಂದು ಕ್ಯಾಲಿಫೋರ್ನಿಯಾದ ನಮ್ಮ ಕಣಿವೆಯಲ್ಲಿ ಹಸು ಸಾಕಿದ ಆ ಮನುಷ್ಯ ಬಿಟ್ಟುಹೋದ ಕಂದು ಕ್ಯಾನ್ವಾಸಿನ ಕೋಟಿನ ಒಳಜೇಬನ್ನು ಅವಳು ಬಿಚ್ಚಿ, ಹಿಟ್ಟಿನ ಚೀಲದ ಬಟ್ಟೆ ಸೇರಿಸಿ ಹೊಲಿದು, ಒಂದು ದಪ್ಪ ಪುಸ್ತಕ ಹಿಡಿಸುವಷ್ಟು ದೊಡ್ಡದು ಮಾಡಿಕೊಂಡಿದ್ದಳು. ಆ ಪುಸ್ತಕ ಬೈಬಲ್ಲೆಂದು ನಾನು ಬಹುಕಾಲ ನಂಬಿದ್ದೆ. ಅದು ಅವಳು ನಮ್ಮ ಕಾಲೇಜಿಗೆ ಸೇರಿದ ವರ್ಷದ, ಪಾಠಗಳೂ ನಿಯಮಗಳೂ ಅಚ್ಚಾದ ಕೈಪಿಡಿಯಾಗಿತ್ತು.

ನಮ್ಮದು ಎರಡು ವರ್ಷದ ಸಮುದಾಯ ಕಾಲೇಜು. ಇಲ್ಲಿ ಕಡಿಮೆ ಖರ್ಚಿನಲ್ಲಿ ಓದಿ, ಗಳಿಸಿದ ಕ್ರೆಡಿಟ್ಟುಗಳನ್ನು ಹೊತ್ತುಕೊಂಡು ಹೋಗಿ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರುವುದು ಈ ಕಣಿವೆಯ ದುಡಿಯುವ ಜನರ ದಾರಿ. ನಮ್ಮ ಯಾವ ಪಾಠ ಅಲ್ಲಿ ಸಲ್ಲುತ್ತದೆಂಬ ಒಪ್ಪಂದ ಆಗಾಗ ಬದಲಾಗುತ್ತದೆ. ಆದರೆ ವರ್ಷಕ್ಕೊಂದು ತರಗತಿಯನ್ನಾದರೂ ಬಿಡದೆ ಮುಗಿಸುತ್ತ ಬಂದವರಿಗೆ ಅವರು ಸೇರಿದ ವರ್ಷದ ಕೈಪಿಡಿಯೇ ಎರಡೂ ಕಡೆ ಕೊನೆತನಕ ಅನ್ವಯಿಸುತ್ತದೆ. ಕೈಪಿಡಿಯ ಈ ಸಾಲನ್ನು ಹೆಚ್ಚಿನವರು ಓದುವುದೇ ಇಲ್ಲ; ಒಡೀಲಿಯಾ ಓದಿದ್ದಳು, ಓದಿ ಹನ್ನೊಂದು ವರ್ಷ ಪಾಲಿಸಿದಳು. "ಅಚ್ಚಲ್ಲಿದೆ" ಎಂದು ಎದೆಯ ಮೇಲೆ, ಜೇಬಿರುವ ಜಾಗದಲ್ಲಿ, ಎರಡು ಸಲ ತಟ್ಟಿಕೊಳ್ಳುವುದು ಅವಳ ವಾಡಿಕೆ. ಕ್ಯಾಂಟೀನಿನವರು ಸೂಪಿನ ಜೊತೆ ಬ್ರೆಡ್ಡು ಕೊಡಲು ಮರೆತರೂ ಗೋಡೆಯ ಫಲಕ ತೋರಿಸಿ ಅದೇ ಮಾತು, ಅದೇ ತಟ್ಟು.

ಅವಳ ತಾಯಿ ಹಾಸಿಗೆ ಹಿಡಿದ ವರ್ಷ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಬಿಡುವಾಗಲಿಲ್ಲ. ಆ ಒಂದು ಗಂಟೆಗೆ ಸಿಕ್ಕಿದ್ದು ಸಮೂಹಗಾಯನದ ತರಗತಿಯೊಂದೇ. ಒಡೀಲಿಯಾಳ ಕಂಠ ಹಟ್ಟಿಯಲ್ಲಿ ಹಸು ಕರೆಯಲು ಹೇಳಿ ಮಾಡಿಸಿದ್ದು. ಕಲಿಸುವವರು ಅವಳನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿ ತುಟಿ ಮಾತ್ರ ಆಡಿಸಲು ಬೇಡಿಕೊಂಡರಂತೆ. ಇವಳು ಒಪ್ಪಲಿಲ್ಲ, ದಾಖಲಾದ ಮೇಲೆ ಹಾಡಲೇಬೇಕೆಂದು ಹಾಡಿದಳು, 'ಸಿ' ದರ್ಜೆ ಪಡೆದಳು. ಉಳಿದೆಲ್ಲ 'ಎ'ಗಳ ನಡುವೆ ಅದೊಂದು ದೃಷ್ಟಿಬೊಟ್ಟು.

ಇಷ್ಟೆಲ್ಲ ಏತಕ್ಕೆ? ಕಾರ್ಖಾನೆಯಲ್ಲಿ ಗುಣಪರೀಕ್ಷಕರ ಹುದ್ದೆಗೆ ಪದವಿ ಬೇಕು. ಹಣ್ಣನ್ನು ಕೈಗೆತ್ತಿಕೊಂಡ ಮಾತ್ರಕ್ಕೆ ಅದರ ಹುಳಿ ಹೇಳಬಲ್ಲ ಒಡೀಲಿಯಾ, ಪದವಿಯುಳ್ಳ ಮೂವರು ಪರೀಕ್ಷಕರಿಗೆ ಕೆಲಸ ಕಲಿಸಿ, ಮರುದಿನದಿಂದ ಅವರ ಕೈಕೆಳಗೇ ದುಡಿದವಳು. ನಾಲ್ಕನೆಯವನಿಗೆ ಕಲಿಸುವುದಿಲ್ಲವೆಂದು ಶಪಥ ಮಾಡಿದ್ದಳು.

ಕೊನೆಗೂ ವಿಶ್ವವಿದ್ಯಾನಿಲಯದಲ್ಲಿ ಸೀಟು ಸಿಕ್ಕಿತು. ಮೇ ತಿಂಗಳಲ್ಲಿ ಅದರ ಹಿಂದೆಯೇ ಇನ್ನೊಂದು ಪತ್ರ: ನಮ್ಮ ಕಾಲೇಜಿನ ಸಂಖ್ಯಾಶಾಸ್ತ್ರದ ಪಾಠ ಈಗ ಸಲ್ಲುವುದಿಲ್ಲ, ಆ ಕೊರತೆ ಜೂನ್ ಮೊದಲ ಶುಕ್ರವಾರದೊಳಗೆ ತೀರದಿದ್ದರೆ ಸೀಟು ರದ್ದು. ಆ ಪಾಠ ಕಲಿಸಿದವನು ನಾನು. ಅವಳ ಜೊತೆ ಅದೇ ವರ್ಷ ಸೇರಿ, ಅದೇ ಬೆಂಚಿನಲ್ಲಿ ಕೂತು ಓದಿದ ರೊಸೌರಾಳಿಗೂ ಅಂಥದೇ ಪತ್ರ ಬಂದಿತ್ತು. ಅವಳು ಹಣೆಬರಹವೆಂದು ಸುಮ್ಮನಾಗಿದ್ದಳು. ವಿಶ್ವವಿದ್ಯಾನಿಲಯದವರು ಎರಡು ಗಂಟೆಯ ಒಂದು ಪರೀಕ್ಷೆ ಬರೆದು ಪಾರಾಗುವ ಅವಕಾಶ ಕೊಟ್ಟಿದ್ದರು. ಬರೆದುಬಿಡಮ್ಮ, ನಿನಗೆ ನೀರು ಕುಡಿದಷ್ಟು ಸುಲಭ ಎಂದು ಒಡೀಲಿಯಾಳಿಗೆ ಹೇಳಿದೆ.

"ಮೇಷ್ಟ್ರೇ, ನಾನು ಪಾಸಾಗಿದೀನಿ. ಇನ್ನೊಂದ್ಸಲ ಬರೆದ್ರೆ, ನೀವು ಕಲಿಸಿದ್ದು ಪಾಠವೇ ಅಲ್ಲ ಅಂತ ನಾನೇ ರುಜು ಹಾಕಿದ ಹಾಗೆ. ನೀವು ಹಾಕ್ತೀರೇನೋ, ನಾನು ಹಾಕಲ್ಲ."

ಮೂವತ್ತು ವರ್ಷ ಪಾಠ ಹೇಳಿದವನಿಗೆ ಅಂದು ಆದ ನಾಚಿಕೆ ಇನ್ನೂ ಆರಿಲ್ಲ. ಆ ಶುಕ್ರವಾರ ನಾನೇ ಅವಳನ್ನು ಕಾರಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಕರೆದುಕೊಂಡು ಹೋದೆ.

ಕ್ರೆಡಿಟ್ಟುಗಳನ್ನು ಪರಿಶೀಲಿಸುವ ಮೇಜಿನ ಹಿಂದೆ ಕುಳಿತಿದ್ದ ತಾವೊ ಎಂಬ ತರುಣ ಸಜ್ಜನ. ಕಂಪ್ಯೂಟರು ನೋಡಿ ಮೆತ್ತಗೆ ಹೇಳಿದ: "ಹಳೇ ಕೈಪಿಡಿ ನಿಮಗೆ ಅನ್ವಯಿಸಲ್ಲ ಮೇಡಂ. ಮಧ್ಯೆ ಒಂದು ವರ್ಷ ನೀವು ಓದೇ ಇಲ್ಲ."

"ಹಾಡಿದೀನಲ್ಲ," ಎಂದು ಒಡೀಲಿಯಾ ಆ 'ಸಿ' ದರ್ಜೆಯ ಹಾಳೆಯನ್ನು ಮುಂದೆ ಸರಿಸಿದಳು.

"ಇದು ಒಂದೇ ಕ್ರೆಡಿಟ್ಟಿನ ಹಾಡೋ ಕ್ಲಾಸು. ನಾವು ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ."

ಅವಳು ಜೇಬಿನಿಂದ ಕೈಪಿಡಿ ತೆಗೆದು, ಬೆರಳು ನೆಕ್ಕಿ, ಪುಟ ಬಿಡಿಸಿದಳು. "ವರ್ಷಕ್ಕೊಂದು ತರಗತಿ ಅಂತ ಅಚ್ಚಲ್ಲಿದೆ ತಮ್ಮಾ. ಹಾಡೋದಾದ್ರೆ ಬೇಡ ಅಂತ ಎಲ್ಲಿದೆ, ಓದು."

ತಾವೊ ಓದಿದ, ಮತ್ತೊಮ್ಮೆ ಓದಿದ. ಪರೀಕ್ಷೆಯ ಮಾತನ್ನು ಇನ್ನೊಂದು ಸಲ ಎತ್ತಿದ, ಅವಳು ಬೇಡವೆಂದು ತಲೆಯಾಡಿಸಿದಳು. ಅವನು ಮೇಲಿನವರ ಬಳಿಗೆ ಹೋದ. ನಾವು ಬೆಂಚಿನ ಮೇಲೆ ಕಾದೆವು. ಅವಳು ತಂದಿದ್ದ ಸಿಹಿ ಬ್ರೆಡ್ಡನ್ನು ಮುರಿದು ಅರ್ಧ ನನಗೆ ಕೊಟ್ಟಳು. ಸೀಟು ಹೋದೀತೆಂಬ ಭಯದಲ್ಲಿ ನಾನು ಅದನ್ನು ಕೈಯಲ್ಲೇ ಹಿಡಿದು ಗಡಿಯಾರ ನೋಡುತ್ತಿದ್ದೆ. ಅವಳು ತಿಂದು ಕೈ ಒರೆಸಿಕೊಂಡಳು.

ನಾಲ್ಕು ಗಂಟೆಗೆ ಅವನು ರುಜುವಾದ ಕಾಗದದೊಡನೆ ಬಂದ. ನನ್ನ ಪಾಠ ಸಂದಿತ್ತು. ನಾನು ಕಾರಿನ ಕೀಲಿ ಕೈಗೆತ್ತಿಕೊಂಡೆ. ಅವಳು ಕಾಗದವನ್ನು ನಿಧಾನವಾಗಿ ಓದಿ ಕೈಪಿಡಿಯೊಳಗಿಟ್ಟು ಕೇಳಿದಳು: "ಇದು ನನಗೊಬ್ಬಳಿಗಾ, ಇಲ್ಲಾ ಆ ಪಾಠಕ್ಕಾ?"

"ನಿಮಗೊಬ್ಬರಿಗೇ ಮೇಡಂ."

"ರೊಸೌರಾ ನನ್ನ ಪಕ್ಕದಲ್ಲೇ ಕೂತು ಕೇಳಿದ ಪಾಠ ಅದು," ಎಂದು ಒಡೀಲಿಯಾ ಮತ್ತೆ ಬೆಂಚಿನ ಮೇಲೆ ಕುಳಿತಳು. ಎರಡು ಪಾದಗಳನ್ನೂ ಪೂರ್ತಿ ಊರಿದಳು. ತಾವೊ ನನ್ನ ಮುಖ ನೋಡಿದ, ಬುದ್ಧಿ ಹೇಳಿ ಎಂಬಂತೆ. ನಾನು ಕೀಲಿಯನ್ನು ಜೇಬಿಗೆ ಹಾಕಿ ಅವಳ ಪಕ್ಕದಲ್ಲಿ ಕುಳಿತೆ.

ಲೋಕ ಇಂಥವರನ್ನು ಹಟಮಾರಿಗಳೆಂದು ಕರೆದು ಕೈತೊಳೆದುಕೊಳ್ಳುತ್ತದೆ. ನಾವು ವಿದ್ಯಾವಂತರು ಕೊಟ್ಟ ಮಾತನ್ನು ಅಚ್ಚು ಹಾಕಿಸಿ ಮರೆಯುತ್ತೇವೆ. ಅವರು ಅದನ್ನು ಅಕ್ಷರಶಃ ನಂಬಿ, ಅಪ್ಪನ ಕೋಟಿನಲ್ಲಿಟ್ಟುಕೊಂಡು, ಹನ್ನೊಂದು ವರ್ಷ ನಡೆದು ನಮ್ಮ ಬಾಗಿಲಿಗೆ ಬರುತ್ತಾರೆ. ಅವರಿಗೆ ದಯೆ ಬೇಕಾಗಿಲ್ಲ. ನಮ್ಮ ಮಾತು ನಮಗೆ ನೆನಪಾಗುವ ತನಕ ಅವರು ಕೂತಿರುತ್ತಾರೆ, ಅಷ್ಟೆ.